ಸೋರುವ ಹಂಡೆಯ ಚಿಲ್ಲರೆ

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮದು ಸಾಲಿನ ಕೊನೆಯ ಮನೆ. ಅಪ್ಪ ಕುಲುಮೆ ವಿಭಾಗದಲ್ಲಿ ಕೆಲಸಕ್ಕಿದ್ದರು. ಅಮ್ಮ ಜಗಲಿಯ ಮೇಲೆ ಕುಳಿತು ಹೂ ಕಟ್ಟಿ ಮಾರುತ್ತಿದ್ದಳು. ಹೂವಿನ ದುಡ್ಡಿನ ಬಗ್ಗೆ ಅವಳದೊಂದು ಕಾನೂನಿತ್ತು: ನೋಟು ಮನೆಖರ್ಚಿಗೆ, ಚಿಲ್ಲರೆ ಹಂಡೆಗೆ. ತಳ ಸೋರುತ್ತಿದ್ದುದರಿಂದ ನೀರು ಕಾಯಿಸಲು ಬಾರದ ತಾಮ್ರದ ಹಂಡೆಯೊಂದು ಬಚ್ಚಲಿನ ಮೂಲೆಯಲ್ಲಿತ್ತು. ಮೊಳಕ್ಕೆ ಎಂಟಾಣೆ ಇದ್ದ ಕಾಲದಿಂದಲೂ ಅವಳು ಅದರೊಳಗೆ ಚಿಲ್ಲರೆ ಹಾಕುತ್ತಲೇ ಬಂದಿದ್ದಳು. ಯಾಕೆಂದು ಕೇಳಿದರೆ "ಇರ್ಲಿ ಬಿಡು" ಅನ್ನುತ್ತಿದ್ದಳು.

ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಒಂದು ದಿನ ಅಮ್ಮ ಕೊತ್ತಂಬರಿ ತರಲು ಹೋದವಳು ಬರಿಗೈಲಿ, ಕೆಂಪು ಮುಖ ಮಾಡಿಕೊಂಡು ಬಂದಳು. ಅಂಗಡಿಯವನು ಹತ್ತು ಪೈಸೆಯ ನಾಣ್ಯಗಳನ್ನು ಮುಟ್ಟಲೂ ಇಲ್ಲವಂತೆ.

"ಸರ್ಕಾರದ ದುಡ್ಡು ಕಣೇ ಅದು, ನಾನೇನು ಹಂಚಿನ ಚೂರು ಕೊಟ್ನಾ? ಇವತ್ತು ಹತ್ತು ಪೈಸೆ ಬ್ಯಾಡ ಅಂತಾನೆ, ನಾಳೆ ನಾಕಾಣೆ ಬ್ಯಾಡ ಅಂತಾನೆ."

ಆ ಭಾನುವಾರವೇ ಹಂಡೆ ಉರುಳಿಸಿದೆವು. ಅಪ್ಪ ಮತ್ತು ಪಕ್ಕದ ಮನೆಯ ತಮಿಳು ಅಕ್ಕ ಸೇರಿ ಅದನ್ನು ನಡುಮನೆಗೆ ತಂದು ಚಾಪೆಯ ಮೇಲೆ ಸುರಿದರು. ಸದ್ದಿಗೆ ಬೀದಿಯ ನಾಯಿ ಬೊಗಳಿತು. ಅಂಚು ಹೂದಳದಂತಿದ್ದ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ, ಘೇಂಡಾಮೃಗವಿದ್ದ ನಾಕಾಣೆ, ಎಂಟಾಣೆ, ರೂಪಾಯಿ. ಕೆಲವಕ್ಕೆ ಹಸಿರು ಕಿಲುಬು ಹಿಡಿದಿತ್ತು. ಒಣಗಿದ ಕಾಕಡದ ಎಸಳುಗಳೂ ಅದರಲ್ಲಿ ಬಂದವು.

"ಅಯ್ಯೋ, ಎವ್ವಳವು ಕಾಸು! ಇಷ್ಟು ಇಟ್ಕೊಂಡು ನನ್ನತ್ರ ಸಕ್ರೆ ಸಾಲ ಕೇಳ್ತಿದ್ರಾ?" ಎಂದು ತಮಿಳು ಅಕ್ಕ ನಕ್ಕಳು.

ಬಗೆಬಗೆಯಾಗಿ ಆರಿಸಲು ಕುಳಿತೆವು. ಸ್ವಲ್ಪ ಹೊತ್ತಿನಲ್ಲಿ ನನಗೆ ಒಂದು ವಿಷಯ ಕಂಡಿತು. ಅಮ್ಮ ನಾಣ್ಯಗಳನ್ನು ನೋಡುತ್ತಿರಲಿಲ್ಲ. ಹೆಬ್ಬೆರಳಿನಿಂದ ಅಂಚು ಸವರಿ ಗುಡ್ಡೆಗೆ ಹಾಕುತ್ತಿದ್ದಳು. ಹತ್ತು, ಇಪ್ಪತ್ತು ಪೈಸೆ ಸರಿಯಾಗಿ ಬೀಳುತ್ತಿದ್ದವು. ದುಂಡಗಿದ್ದವು ಮಾತ್ರ ಕಲೆತು ಹೋಗಿದ್ದವು. ನಾನು ಒಂದು ಎಂಟಾಣೆಯನ್ನು ಅವಳ ಮುಖದ ಮುಂದೆ ಹಿಡಿದು "ಇದೆಷ್ಟು?" ಎಂದೆ. ಅವಳು ಕುತ್ತಿಗೆ ಹಿಂದಕ್ಕೆ ಎಳೆದು, ನನ್ನ ಕೈಯನ್ನು ದೂರ ತಳ್ಳಿ, "ಬೆಳಕಿಲ್ಲ ಇಲ್ಲಿ" ಎಂದಳು. ಮಟಮಟ ಮಧ್ಯಾಹ್ನ, ಬಾಗಿಲು ಪೂರ್ತಿ ತೆರೆದಿತ್ತು.

ಅಪ್ಪ ಅವಳ ಮುಖವನ್ನೇ ನೋಡಿದರು. "ಯಾವಾಗಿಂದ?"

"ಎರಡು ವರ್ಷ ಆಗಿರ್ಬೇಕು. ಹೂ ಕಟ್ಟಕ್ಕೆ ಕಣ್ಣ್ಯಾಕೆ ಬೇಕು? ಕೈಗೇ ಗೊತ್ತು."

ಎಣಿಸಿದಾಗ ಎರಡು ಸಾವಿರದ ನಾನೂರಕ್ಕೆ ಸ್ವಲ್ಪ ಮೇಲಾಯಿತು. ಆಗ ಅಮ್ಮ ಇಷ್ಟು ವರ್ಷದ ಗುಟ್ಟು ಬಿಟ್ಟಳು. ಅವಳಿಗೆ ಫ್ರಿಜ್ ಬೇಕಿತ್ತು. ಸಂಜೆ ಮಾರದೆ ಉಳಿದ ಹೂ ಬೆಳಿಗ್ಗೆ ಬಾಡುವುದನ್ನು ನೋಡಿ ನೋಡಿ ಸಾಕಾಗಿತ್ತು. ವರ್ಗವಾಗಿ ಹೋಗುತ್ತಿದ್ದ ಆಫೀಸರರ ಮನೆಯಲ್ಲಿ ಹಳೆಯದೊಂದು ಇತ್ತು, ಎರಡು ಸಾವಿರದ ಮುನ್ನೂರಕ್ಕೆ ಮಾತಾಡಿಯೂ ಬಂದಿದ್ದಳು. "ಕನ್ನಡಕ ಮೊದಲು" ಎಂದೆ ನಾನು. "ಫ್ರಿಜ್ ಮೊದಲು" ಎಂದಳು ಅವಳು.

ಬ್ಯಾಂಕಿನಲ್ಲಿ ನೂರು ನೂರರ ಪೊಟ್ಟಣ ಕಟ್ಟಿ, ದಿನಕ್ಕೆ ಇಷ್ಟಿಷ್ಟೇ ತನ್ನಿ ಎಂದರು. ಆಫೀಸರರು ಅಲ್ಲಿಯವರೆಗೆ ಕಾಯುವಂತಿರಲಿಲ್ಲ. ಆಗ ಚಿಲ್ಲರೆಗೆ ಎಲ್ಲೆಲ್ಲೂ ಬರ. ಅಂಗಡಿಗಳಲ್ಲಿ ಬಾಕಿಗೆ ಚಾಕೊಲೇಟ್ ಕೊಡುತ್ತಿದ್ದರು. ಶಿವಮೊಗ್ಗದ ಗಾಂಧಿ ಬಜಾರಿನ ಸಗಟು ವ್ಯಾಪಾರಿಗಳು ಚಿಲ್ಲರೆ ಕೊಂಡುಕೊಳ್ಳುತ್ತಾರೆಂದು ಅಪ್ಪ ಕೇಳಿಕೊಂಡು ಬಂದರು. ಮರುದಿನ ಅವರಿಗೆ ಡ್ಯೂಟಿ. ನಾನು, ಅಮ್ಮ ಮೂರು ಚೀಲ ಹೊತ್ತು ಬಸ್ ಹತ್ತಿದೆವು.

ಬೇಳೆಕಾಳಿನ ಅಂಗಡಿಯ ಸಾಹುಕಾರರು ಚೀಲಕ್ಕೆ ಕೈ ಹಾಕಿ ನೋಡಿ, "ನೂರಕ್ಕೆ ಹತ್ತು ಕಮಿಷನ್ ನಾನೇ ಕೊಡ್ತೀನಮ್ಮ. ಆದ್ರೆ ಈ ಹತ್ತು, ಇಪ್ಪತ್ತು ಪೈಸೆ ಬಿಲ್ಕುಲ್ ಬೇಡ. ಯಾರೂ ತಗಳಲ್ಲ" ಎಂದರು.

"ನಂಗೆ ಕಮಿಷನ್ ಬ್ಯಾಡ ಸ್ವಾಮಿ. ನನ್ನ ನೂರು ನೂರೇ ಇರ್ಲಿ. ಅದರ ಬದಲು ಸಣ್ಣವನ್ನೂ ತಗಳಿ. ನಿಮ್ಮನ್ನ ಬ್ಯಾಂಕಿನೋರು ಕೂರಿಸಿ ಟೀ ಕೊಡ್ತಾರೆ, ನನ್ನನ್ನ ನಿಲ್ಲಿಸ್ತಾರೆ. ಬಂದ್ರೆ ಎಲ್ಲಾ ಬರ್ಬೇಕು, ಇಲ್ಲಾಂದ್ರೆ ಒಂದೂ ಇಲ್ಲ."

ಸಾಹುಕಾರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸಣ್ಣವೆಲ್ಲ ಸೇರಿ ಇನ್ನೂರು ರೂಪಾಯಿಯೂ ಇರಲಿಲ್ಲ. ಆಮೇಲೆ ಜೋರಾಗಿ ನಕ್ಕು, "ನೀವು ಹೂವಿನ ವ್ಯಾಪಾರ ಬಿಟ್ಟು ಬಜಾರಿಗೆ ಬರ್ಬೇಕಿತ್ತು ಮಾರಾಯ್ತಿ" ಎಂದು ತಕ್ಕಡಿ ಎಳೆದುಕೊಂಡರು. ಒಂದೊಂದು ಬಗೆಯಲ್ಲೂ ನೂರು ನಾಣ್ಯ ಎಣಿಸಿ ತೂಗಿ, ಉಳಿದವನ್ನು ಅದೇ ತೂಕಕ್ಕೆ ಅಳೆದರು. ಅರ್ಧ ಗಂಟೆಯಲ್ಲಿ ಮೂರು ಚೀಲ ಒಂದು ಸಣ್ಣ ನೋಟಿನ ಕಟ್ಟಾಯಿತು. ಅಮ್ಮ ಅದನ್ನು ಎಣಿಸಲು ನನ್ನ ಕೈಗೆ ಕೊಟ್ಟಳು. ಐವತ್ತು ಯಾವುದು, ನೂರು ಯಾವುದು ಅನ್ನುವುದು ಅವಳ ಬೆರಳಿಗೆ ಗೊತ್ತಾಗುತ್ತಿರಲಿಲ್ಲ.

ಎಣಿಸಿದೆ. ವಾಪಸ್ ಕೊಡಲಿಲ್ಲ. "ಕೊಡೇ" ಎಂದಳು. ನಾನು ಮುಂದೆ ನಡೆದೆ. ಬೈಯುತ್ತಲೇ ಹಿಂದೆ ಬಂದಳು. ಕೋಟೆ ಕಡೆಯ ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ಅವಳನ್ನು ಕೂರಿಸಿದೆ. ಅಂಗಡಿಯ ಮುದುಕರು ಪರೀಕ್ಷೆ ಮಾಡಿ, "ಚಾಳೀಸು, ಬೇರೇನಿಲ್ಲ. ನಲವತ್ತು ದಾಟಿದ್ರೆ ಎಲ್ರಿಗೂ ಬರುತ್ತೆ" ಎಂದರು. ಮುನ್ನೂರು ರೂಪಾಯಿ, ಒಂದು ಗಂಟೆಯ ಕೆಲಸ. ಆ ಒಂದು ಗಂಟೆಯೂ ಅಮ್ಮ ನನಗೆ ಬೆನ್ನು ತಿರುಗಿಸಿ ಕುಳಿತಿದ್ದಳು.

ಕನ್ನಡಕ ಹಾಕಿದ ಕೂಡಲೇ ಅವಳು ಮೊದಲು ನನ್ನ ಮುಖ ನೋಡಿದಳು. ಹತ್ತಿರ ಬಂದು ಗಲ್ಲ ಮುಟ್ಟಿ, "ಈ ಗಾಯದ ಕಲೆ ಯಾವಾಗಿಂದು?" ಎಂದಳು. ಕಾಲೇಜಿಗೆ ಸೇರಿದ ಹೊಸತರಲ್ಲಿ ಸೈಕಲ್ಲಿನಿಂದ ಬಿದ್ದದ್ದು. ಬೈಯುತ್ತಾಳೆಂದು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೇಳದಿದ್ದುದಕ್ಕೆ ನನಗೆ ಆಗ ಸ್ವಲ್ಪ ಬೇಜಾರೂ ಆಗಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಬಾಳೆನಾರು ಕೊಯ್ದ ಗೆರೆಗಳು ಬೆರಳ ತುಂಬ ಇದ್ದವು. "ಇಷ್ಟು ಹಾಳಾಗಿದ್ಯಾ" ಅಂದಳು. ನಾನು ಕಡಲೆಕಾಯಿ ಕೊಂಡೆ. ತಿಂದು ಮುಗಿದ ಮೇಲೆ ಪೊಟ್ಟಣದ ಪೇಪರನ್ನು ಬಿಡಿಸಿ, ಯಾವುದೋ ಹಳೆಯ ಸುದ್ದಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಪೇಪರು ಅರ್ಧಕ್ಕೆ ಹರಿದಿತ್ತು. "ಮುಂದೇನಾಯ್ತೋ" ಎಂದು ಭದ್ರಾವತಿ ಬರುವವರೆಗೂ ಕೊರಗಿದಳು.

ಆ ಫ್ರಿಜ್ ಬೇರೆ ಯಾರದೋ ಪಾಲಾಯಿತು. ನಮ್ಮ ಮನೆಗೆ ಒಂದು ಬರಲು ಮತ್ತೆ ಮೂರು ವರ್ಷ ಹಿಡಿಯಿತು. ಅಷ್ಟು ದಿನವೂ ಅಮ್ಮ ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಕೆಯಲ್ಲಿಟ್ಟು, ಬೆಳಿಗ್ಗೆ ಬಾಡಿದ್ದನ್ನು ಕಂಡಾಗಲೆಲ್ಲ ನನಗೆ ಬೈಯುತ್ತಿದ್ದಳು. ಕನ್ನಡಕ ಮೂಗಿನ ಮೇಲಿಟ್ಟುಕೊಂಡೇ ಬೈಯುತ್ತಿದ್ದಳು.