ಗುಬ್ಬಿಗೆ ಹೋದ ಡಬ್ಬಿ

ನಮ್ಮ ಟಿವಿಯ ಕೆಳಗೆ ವರ್ಷಗಟ್ಟಲೆ ಕೂತಿದ್ದ ಎರಡು ಡಬ್ಬಿಗಳು ನಮ್ಮವಲ್ಲ ಅನ್ನುವುದು ನನಗೆ ತಟ್ಟಿದ್ದು, ಲೋಕೇಶಣ್ಣ ಅವನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡು ಗೇಟು ದಾಟಿದ ಮೇಲೆ.

ಒಂದು ಸೆಟ್‌ಟಾಪ್ ಬಾಕ್ಸ್. ಇನ್ನೊಂದು ವೈಫೈ ರೌಟರ್.

ಲೋಕೇಶಣ್ಣ ನಮ್ಮ ಹಳೇ ಬೀದಿಯ ಕೇಬಲ್ ಆಪರೇಟರ್. ಜಗಳವೇನೂ ಆಗಿರಲಿಲ್ಲ. ನಾನೂ ಅಮ್ಮನೂ ತುಮಕೂರಿನ ಒಳಗಿನ ಮನೆ ಬಿಟ್ಟು, ನಾನು ಪಾಠ ಮಾಡುವ ಕಾಲೇಜಿಗೆ ಹತ್ತಿರವಾಗುತ್ತದೆ ಅಂತ ಕ್ಯಾತ್ಸಂದ್ರಕ್ಕೆ ಬರುವವರಿದ್ದೆವು. ಅವರ ಲೈನ್ ಅಲ್ಲಿಗೆ ಬರುವುದಿಲ್ಲ. ಅದಕ್ಕೇ ಡಬ್ಬಿ ವಾಪಸ್. ಅಮ್ಮ ಕೊಟ್ಟ ಕಾಫಿ ಕುಡಿದು, ಇದು ಕಂಪ್ನಿ ಮಾಲು ಮೇಡಂ, ಬೇಜಾರ್ ಮಾಡ್ಕೋಬೇಡಿ ಅಂದರು. ನನಗ್ಯಾಕೆ ಬೇಜಾರು? ತಿಂಗಳ ಬಿಲ್ಲಿನಲ್ಲಿ ಬಾಡಿಗೆ ಅಂತ ಒಂದು ಸಾಲು ಇದ್ದೇ ಇತ್ತಂತೆ. (ಕೇಬಲ್ ಬಿಲ್ ಪೂರ್ತಿ ಓದುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕಾಲೇಜಿಗೆ ಕರೆಸಿ ಶಾಲು ಹೊದಿಸೋಣ.)

ಕ್ಯಾತ್ಸಂದ್ರದಲ್ಲಿ ಹೊಸ ಆಪರೇಟರ್ ಬಂದ, ಎರಡು ಹೊಸ ಡಬ್ಬಿ ಇಟ್ಟ, ಹೋದ. ಅವೂ ಬಾಡಿಗೆಯವೇ. ನಾನು ತಲೆಯಾಡಿಸಿದೆ. ವೈಫೈ ಬಂತು, ಧಾರಾವಾಹಿ ಬಂತು. ಇನ್ನೇನು ಬೇಕು?

ಮುಂದಿನ ಭಾನುವಾರ ಅಮ್ಮ ತರಕಾರಿ ಹೆಚ್ಚುತ್ತಾ, ಅಪ್ಪಂದು ಕಬಡ್ಡಿ ಹಾಕು ಅಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ನನ್ನ ಅಪ್ಪ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಅವರ ಮಾತು ಬಹಳ ಕಡಿಮೆ. ಉಪ್ಪು ಬೇಕಿದ್ದರೂ ಡಬ್ಬದ ಕಡೆ ಕೈ ತೋರಿಸುತ್ತಿದ್ದರು. ಆದರೆ ಭಾನುವಾರ ಬಂತೆಂದರೆ ಗುಬ್ಬಿ, ಕುಣಿಗಲ್, ನಿಟ್ಟೂರು, ಎಲ್ಲಿ ಕಬಡ್ಡಿ ಟೂರ್ನಮೆಂಟ್ ಇದೆಯೋ ಅಲ್ಲಿ ಮೈಕ್ ಹಿಡಿದು ಕಾಮೆಂಟ್ರಿ ಹೇಳುವವರು ಅವರೇ. ಅಮ್ಮ ಯಾವತ್ತೂ ಹೋಗಿ ಕೇಳಿದವಳಲ್ಲ. ಗಂಡಸರ ಮೈದಾನಕ್ಕೆ ನಾನ್ಯಾಕೆ ಅನ್ನುತ್ತಿದ್ದಳು.

ಆಮೇಲೆ ಅಪ್ಪನಿಗೆ ಹಾರ್ಟ್ ತೊಂದರೆ ಆಯಿತು. ಡಾಕ್ಟರು ಗಟ್ಟಿಯಾಗಿ ಕೂಗಬೇಡಿ ಅಂದರು. ಅಮ್ಮ ಮೈಕ್ ಮುಟ್ಟಬೇಡಿ ಅಂದಳು. ಅಪ್ಪ ಎಂದಿನಂತೆ ಏನೂ ಅನ್ನಲಿಲ್ಲ.

ಒಂದು ಭಾನುವಾರ ಮದುವೆಗೆ ಅಂತ ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟರು. ಮಧ್ಯಾಹ್ನ ಅಮ್ಮ ಚಾನೆಲ್ ಬದಲಾಯಿಸುತ್ತಿದ್ದಾಗ ಲೋಕಲ್ ಚಾನೆಲ್‌ನಲ್ಲಿ ಕುಣಿಗಲ್‌ನ ಕಬಡ್ಡಿ ಲೈವ್ ಬರುತ್ತಿತ್ತು. ಧ್ವನಿ ಅಪ್ಪನದು. ಅಮ್ಮ ಎರಡು ನಿಮಿಷ ಸುಮ್ಮನೆ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ರೆಕಾರ್ಡ್ ಮಾಡು. ಬರ್ಲಿ ಮನೆಗೆ" ಅಂದಳು.

ನಾನು ಸೆಟ್‌ಟಾಪ್ ಬಾಕ್ಸಿನ ಹಿಂದೆ ಪೆನ್‌ಡ್ರೈವ್ ಸಿಕ್ಕಿಸಿ, ರಿಮೋಟ್‌ನ ಕೆಂಪು ಬಟನ್ ಒತ್ತಿದೆ. ಅಂದರೆ ಆ ರೆಕಾರ್ಡಿಂಗ್ ಆಗಿದ್ದು ಪ್ರೀತಿಯಿಂದ ಅಲ್ಲ, ಸಾಕ್ಷಿಗೆ!

ಸಂಜೆ ಅಪ್ಪ ಬಂದು ಮದುವೆ ಊಟ ಚೆನ್ನಾಗಿತ್ತು ಅಂದರು. ಅಮ್ಮ ಟಿವಿ ಹಾಕಿದಳು. ಅಪ್ಪ ತಪ್ಪಿತಸ್ಥರ ಹಾಗೆ ನಿಂತರು ಅಂದುಕೊಂಡಿರಾ? ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ನೋಡಿದರು. ಸೆಕೆಂಡ್ ಹಾಫ್‌ನಲ್ಲಿ ಸ್ವಲ್ಪ ಸ್ಪೀಡ್ ಜಾಸ್ತಿ ಆಯ್ತು ಅಂತ ತಮ್ಮನ್ನು ತಾವೇ ವಿಮರ್ಶೆ ಮಾಡಿಕೊಂಡರು. ಕೊನೆಗೆ ಮೆಲ್ಲಗೆ, ತಿನ್ನಲು ಏನಾದರೂ ಇದೆಯಾ ಅಂತ ಕೇಳಿದರು.

ಅಪ್ಪ ಈಗಿಲ್ಲ. ಅವರು ಹೋದ ಮೇಲೆ ಅಮ್ಮ ಆಗಾಗ ಅದನ್ನು ಹಾಕಿಸಿಕೊಂಡು ಕೇಳುತ್ತಾಳೆ. ಅಪ್ಪನ ಧ್ವನಿ ಅಂತ ನಮ್ಮ ಬಳಿ ಇರುವುದು ಅದೊಂದೇ.

ಹೊಸ ಬಾಕ್ಸಿಗೆ ಪೆನ್‌ಡ್ರೈವ್ ಹಾಕಿದೆ. ಡ್ರೈವನ್ನು ಫಾರ್ಮ್ಯಾಟ್ ಮಾಡಲೇ ಅಂತ ಅದು ಕೇಳಿತು. ಫಾರ್ಮ್ಯಾಟ್ ಅಂದರೆ ಇರುವುದನ್ನೆಲ್ಲ ಅಳಿಸಿಹಾಕುವುದು. ಪುಣ್ಯಕ್ಕೆ ನೋ ಒತ್ತಿದೆ. ಲ್ಯಾಪ್‌ಟಾಪಿಗೆ ಹಾಕಿದರೆ ಫೈಲ್ ಇದೆ, ತೆರೆಯುವುದಿಲ್ಲ. ಲೋಕೇಶಣ್ಣನಿಗೆ ಫೋನ್ ಮಾಡಿದೆ. ಯಾವ ಬಾಕ್ಸಿನಲ್ಲಿ ರೆಕಾರ್ಡ್ ಆಗಿದೆಯೋ ಆ ಬಾಕ್ಸಿನಲ್ಲಿ ಮಾತ್ರ ಪ್ಲೇ ಆಗುತ್ತದೆ, ಬೇರೆ ಎಲ್ಲೂ ಆಗುವುದಿಲ್ಲ ಅಂದರು. ಆ ಲೋಕಲ್ ಚಾನೆಲ್‌ನವರನ್ನು ಕೇಳೋಣವೆಂದರೆ ಅದು ಮುಚ್ಚಿ ಎಷ್ಟೋ ಕಾಲವಾಗಿದೆಯಂತೆ.

ನೋಡಿ ಹೇಗಿದೆ! ಪೆನ್‌ಡ್ರೈವ್ ನಮ್ಮದು. ಅಪ್ಪ ನಮ್ಮವರು. ಅದನ್ನು ತೆರೆಯುವ ಕೀಲಿ ಮಾತ್ರ ಬಾಡಿಗೆಯದು.

ಅಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಪೆನ್‌ಡ್ರೈವನ್ನು ಒಡವೆ ಇಡುವ ಪುಟ್ಟ ಪೆಟ್ಟಿಗೆಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದಳು. ಆಮೇಲೆ ಟಿವಿಯನ್ನೇ ಹಾಕಲಿಲ್ಲ. ನನಗೆ ಅದೇ ಕಷ್ಟವಾಯಿತು.

ಲೋಕೇಶಣ್ಣನಿಗೂ ಕಷ್ಟವಾಯಿತು ಅಂತ ಕಾಣುತ್ತದೆ. ವಿಚಾರಿಸಿ, ತಾವೇ ವಾಪಸ್ ಫೋನ್ ಮಾಡಿದರು. ನಮ್ಮ ಡಬ್ಬಿ ಗುಬ್ಬಿಯಲ್ಲಿತ್ತು. ಅಲ್ಲಿ ಅವರ ಬಾಮೈದ ಕೇಬಲ್ ನಡೆಸುತ್ತಾರೆ. ಬಾಕ್ಸ್ ಸಾಲದೆ ಬಂದಾಗ ಇವರಿಂದ ತರಿಸಿಕೊಂಡು, ಹಾಸಿಗೆ ಅಂಗಡಿಯ ಸಲೀಂ ಅನ್ನುವವರ ಮನೆಗೆ ಹಾಕಿದ್ದರಂತೆ. ಹೋಗಿ ನೋಡಿ ಮೇಡಂ, ಆದರೆ ಪ್ಲೇ ಆಗೇ ಆಗುತ್ತೆ ಅಂತ ನಾನು ಹೇಳಲಾರೆ ಅಂದರು.

ಭಾನುವಾರ ನಾನು, ಅಮ್ಮ ಬಸ್ ಹತ್ತಿದೆವು. ದಾರಿಯುದ್ದಕ್ಕೂ ನನಗೆ ಮುಜುಗರ. ಗುರುತು ಪರಿಚಯ ಇಲ್ಲದವರ ಮನೆಗೆ ಹೋಗಿ, ಸ್ವಲ್ಪ ನಿಮ್ಮ ಟಿವಿ ಕೊಡಿ ಅಂತ ಹೇಗೆ ಕೇಳುವುದು? ಅಮ್ಮನಿಗೆ ಅಂಥ ಚಿಂತೆ ಇರಲಿಲ್ಲ. ಮಡಿಲಲ್ಲಿ ಚಕ್ಕುಲಿ ಡಬ್ಬ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಸಲೀಂ ಅವರ ಹೆಂಡತಿ ನೂರ್‌ಜಹಾನ್ ಬಾಗಿಲು ತೆಗೆದರು. ಗುಬ್ಬಿಯ ಆಪರೇಟರ್ ಮೊದಲೇ ಹೇಳಿದ್ದರಿಂದ ಕಾಯುತ್ತಿದ್ದರು. ಹಾಲ್‌ನಲ್ಲಿ ಸಲೀಂ ಅವರ ತಾಯಿ ಧಾರಾವಾಹಿ ನೋಡುತ್ತಾ ಕೂತಿದ್ದರು. ಮಗ ಕಿವಿಯಲ್ಲಿ ಏನೋ ಹೇಳಿದ ಕೂಡಲೇ ರಿಮೋಟನ್ನು ನನ್ನ ಅಮ್ಮನ ಕೈಗೇ ಕೊಟ್ಟುಬಿಟ್ಟರು.

ಟಿವಿ ಕೆಳಗೆ ನಮ್ಮ ಡಬ್ಬಿ. ಮೂಲೆಯಲ್ಲಿ ಅಮ್ಮ ಅಗರಬತ್ತಿ ತಾಗಿಸಿ ಸುಟ್ಟ ಕಲೆ ಹಾಗೇ ಇತ್ತು.

ಪೆನ್‌ಡ್ರೈವ್ ಹಾಕಿದೆ. ಸ್ಕ್ರೀನ್ ಮೇಲೆ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಸಲೀಂ, ಒಂದ್ಸಲ ಆಫ್ ಮಾಡಿ ಆನ್ ಮಾಡೋಣ್ವಾ ಅಂದರು. ಬೇಡ, ಇರಲಿ ಅಂದೆ. ಬೇರೆ ಉಪಾಯ ನನಗೂ ಗೊತ್ತಿರಲಿಲ್ಲ. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ.

ಚಕ್ರ ನಿಂತಿತು. ರೆಕಾರ್ಡಿಂಗ್ ಒಂದು ಅಂತ ಬಂತು. ಓಕೆ ಒತ್ತಿದೆ.

ಕುಣಿಗಲ್ ಮೈದಾನ, ಧೂಳು, ಶಿಳ್ಳೆ. ಅದರ ಮೇಲೆ ಅಪ್ಪ. "ಬಂದವ್ನೆ ನೋಡಿ ರೈಡರ್ರು, ಬಂದವ್ನೆ. ಕಾಲ್ ಹಿಡುದ್ರು, ಸೊಂಟ ಹಿಡುದ್ರು, ಹಿಡ್ಕಳ್ರಪ್ಪ, ಬುಡ್ಬೇಡಿ, ಬುಡ್ಬೇಡಿ... ಬುಟ್ಬುಟ್ರು."

ನಾನು ಫೋನ್ ತೆಗೆದು ಸ್ಕ್ರೀನನ್ನೇ ಶೂಟ್ ಮಾಡತೊಡಗಿದೆ. ಸಲೀಂ ನಿಂತಲ್ಲೇ ನಿಂತಿದ್ದವರು ಮುಂದೆ ಬಂದರು. "ಈ ವಾಯ್ಸು ನಂಗೊತ್ತು. ಗುಬ್ಬಿ ಗ್ರೌಂಡಲ್ಲಿ ನಾವು ಆಡೋವಾಗ ಇವರ್ದೇ ಮೈಕು. ಒಂದ್ಸಲ ನಂಗೆ 'ಹಾಸಿಗೆ ಸಲೀಮ, ಬಿದ್ದರೆ ಏಳಾಕಿಲ್ಲ' ಅಂದ್ಬುಟ್ಟಿದ್ರು" ಅಂದರು. ನೂರ್‌ಜಹಾನ್ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಹಾಫ್ ಟೈಮ್ ಬಂತು. ಅಪ್ಪನ ಧ್ವನಿ ತಗ್ಗಿತು. "ಕ್ಯಾಮರಾದವ್ರೆ, ಆಟ ತೋರ್ಸಿ, ನನ್ನ ತೋರ್ಸಬೇಡಿ. ಮನೇಲಿ ಮದ್ವೆಗೆ ಅಂತ ಹೇಳಿ ಬಂದಿವ್ನಿ." ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಮುಗಿಯುವ ಹೊತ್ತಿಗೆ ಸಲೀಂ ಅವರ ತಾಯಿ ಅಮ್ಮನ ಕೈ ಹಿಡಿದುಕೊಂಡಿದ್ದರು. ಅಮ್ಮ ಅವರಿಗೆ ಹೇಳಿದಳು: "ಮನೇಲಿ ಮಾತೇ ಆಡ್ತಿರ್ಲಿಲ್ಲ ಕಣಮ್ಮ. ಇಷ್ಟೊಂದು ಮಾತು ಎಲ್ಲಿ ಇಟ್ಕಂಡಿದ್ರೋ."

ಸಲೀಂ ಡಬ್ಬಿಯ ವೈರ್ ಬಿಚ್ಚಲು ಹೋದರು. ಇದು ನಿಮ್ಮದು, ತಗೊಂಡು ಹೋಗಿ, ನಾವು ಬೇರೆ ಹಾಕಿಸಿಕೊಳ್ಳುತ್ತೇವೆ ಅಂದರು. ನಾನು ಅವರನ್ನು ತಡೆದೆ. ಕೊಡುವ ಮನಸ್ಸು ಅವರಿಗಿತ್ತು, ತೆಗೆದುಕೊಳ್ಳುವ ಆಸೆ ನಮಗಿತ್ತು. ಆದರೆ ಡಬ್ಬಿ ಅವರದೂ ಅಲ್ಲ, ನಮ್ಮದೂ ಅಲ್ಲ. ಹಾಗೇ ಬಿಟ್ಟು ಬಂದೆವು.

ಮನೆಗೆ ಬಂದವಳೇ ಹೊಸ ಆಪರೇಟರ್‌ಗೆ ಫೋನ್ ಮಾಡಿ, ಎರಡೂ ಡಬ್ಬಿ ನಾನೇ ದುಡ್ಡು ಕೊಟ್ಟು ತಗೋತೀನಿ ಅಂದೆ. ಯಾಕೆ ಮೇಡಂ, ಬಾಡಿಗೆದಾದ್ರೆ ಕೆಟ್ಟಾಗ ನಾವೇ ಚೇಂಜ್ ಮಾಡ್ತೀವಲ್ಲ ಅಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ಸ್ವಂತದ್ದು ಕೆಟ್ಟರೆ ರಿಪೇರಿಗೆ ಅಲೆಯಬೇಕಾದವರು ನಾವೇ. ಯಾವುದೋ ರೌಟರ್ ತಂದರೆ ಅವರ ಲೈನ್‌ಗೆ ಹೊಂದದೆಯೂ ಇರಬಹುದು, ಮೊದಲೇ ಕೇಳಿಕೊಳ್ಳಬೇಕು. ಸ್ವಂತದ ಸೆಟ್‌ಟಾಪ್ ಬಾಕ್ಸೂ ಬೇರೆ ಕಂಪನಿಯ ಲೈನ್‌ನಲ್ಲಿ ನಡೆಯುವುದಿಲ್ಲ. ಆದರೆ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಲು ಯಾರೂ ಬರುವುದಿಲ್ಲವಲ್ಲ, ನನಗೆ ಅಷ್ಟು ಸಾಕು.

ಆತ ಬಂದು ಬಾಡಿಗೆಯವನ್ನು ತೆಗೆದು, ನಾವು ಕೊಂಡ ಡಬ್ಬಿಗಳನ್ನು ಜೋಡಿಸಿದ. ಅಭ್ಯಾಸಬಲದಿಂದ ನಮ್ಮ ದುಡ್ಡಿನ ರೌಟರ್ ಮೇಲೂ ತನ್ನ ಕಂಪನಿಯ ಸ್ಟಿಕ್ಕರ್ ಅಂಟಿಸಿದ. ಅವನು ಹೋದ ಮೇಲೆ ಅಮ್ಮ ಅದನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಒರೆಸಿ ಕಿತ್ತಳು.

ಫೋನಿನಲ್ಲಿರುವ ನಮ್ಮ ಕಾಪಿ ಅಷ್ಟೇನೂ ಚೆನ್ನಾಗಿಲ್ಲ. ಚಿತ್ರ ಅಲ್ಲಾಡಿದೆ. ಅಪ್ಪನ ಕಾಮೆಂಟ್ರಿ ಮಧ್ಯೆ ನೂರ್‌ಜಹಾನ್ ಅವರ ಕುಕ್ಕರ್ ಕೂಗಿದೆ, ಸಕ್ಕರೆ ಎಷ್ಟು ಹಾಕಲಿ ಅಂತ ಅವರು ಕೇಳಿದ್ದೂ ಇದೆ. ಅಮ್ಮನಿಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಮೊನ್ನೆ ಸಲೀಂ ಫೋನ್ ಮಾಡಿದ್ದರು. ಅವರ ತಾಯಿಗೆ ಆ ಕಬಡ್ಡಿ ಇನ್ನೊಮ್ಮೆ ಕೇಳಬೇಕಂತೆ, ಕಳಿಸಲು ಆಗುತ್ತಾ ಅಂತ ಬಹಳ ಸಂಕೋಚದಿಂದ ಕೇಳಿದರು. ಅಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಈಗ್ಲೇ ಕಳಿಸ್ತಾಳೆ ಕಣಪ್ಪ" ಅಂದಳು. ಕಳಿಸಿದೆ. ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ನಮ್ಮದಾಗಿದ್ದರೆ ತಾನೆ, ಇನ್ನೊಬ್ಬರಿಗೆ ಕೊಡಲು ಆಗುವುದು?