ದಾನಪ್ಪನ ಗೇಟು

ವಿಜಾಪುರದ ಕಡೆಯಿಂದ ಬಂದು ಚೆಂಬೂರಿನ ಚಾಳಿನಲ್ಲಿ ಸಂಸಾರ ಹೂಡಿದ ದಾನಪ್ಪ, ಆಸ್ಪತ್ರೆಯೊಂದರಲ್ಲಿ ಮಕ್ಕಳ ವಾರ್ಡಿನ ಗೇಟು ಕಾಯುತ್ತಿದ್ದ. ದೊಡ್ಡ ಡಾಕ್ಟರ ಮೋಟಾರು ಖಾಲಿ ಹೋದರೂ ಎದ್ದು ಸಲಾಮು ಹೊಡೆಯುವ ಪ್ರಾಣಿ. ಬ್ರಿಟಿಷರು ಹೋಗಿ ಏಳೆಂಟು ವರ್ಷವಾಗಿತ್ತು. ದಾನಪ್ಪನ ಬೆನ್ನಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ನಾಲ್ಕು ಗಂಟೆಗೆ ಮೊದಲು ಯಾರನ್ನೂ ಒಳಗೆ ಬಿಡಕೂಡದೆಂದು ನರ್ಸುಗಳ ಮೇಲಿನ ಮೇಟ್ರನ್ ಹೇಳಿದ್ದಳು. ಅವನು ಬಿಡುತ್ತಿರಲಿಲ್ಲ. ತಾಯಂದಿರು ಗೋಗರೆದರು, ಕಾಲು ಹಿಡಿದರು, ಹಿಡಿಶಾಪ ಹಾಕಿದರು. "ಆರ್ಡರ್ ಇಲ್ಲ" ಎಂದುಬಿಟ್ಟರೆ ಮುಗಿಯಿತು. ನಿಜ ಹೇಳಬೇಕೆಂದರೆ ಆ ಮಾತಿನಲ್ಲಿ ಅವನಿಗೊಂದು ಸುಖವಿತ್ತು. ತಪ್ಪೋ ಸರಿಯೋ ಮೇಲಿನವರಿಗೆ ಗೊತ್ತು, ತನ್ನದೇನಿದ್ದರೂ ಬೀಗದ ಕೆಲಸ. ತಲೆಯನ್ನು ಇನ್ನೊಬ್ಬರ ಹತ್ತಿರ ಇಟ್ಟು ಬದುಕುವುದು ಎಷ್ಟು ಹಗುರ!

ಆ ಮಳೆಗಾಲದಲ್ಲಿ ಅವನ ಆರು ವರ್ಷದ ಮಗಳು ನಾಗವ್ವ ಟೈಫಾಯಿಡ್ ಬಂದು ಅದೇ ವಾರ್ಡು ಸೇರಿದಳು. ಒಂದು ಮಧ್ಯಾಹ್ನ ಬೆಳಗಾವಿ ಕಡೆಯ ಆಯಾ ಚಂಪಾ ಒಳಗಿನಿಂದ ಓಡಿಬಂದಳು.

"ದಾನಪ್ಪಣ್ಣಾ, ಹುಡುಗಿ ಅವ್ವಾ ಅವ್ವಾ ಅನ್ನಾಕತ್ತೈತಿ. ಲಕ್ಷಣ ಚಲೋ ಇಲ್ಲ. ರಾಚವ್ವಕ್ಕನ್ನ ಲಗೂನ ಕಳಸು."

ಅವನ ಹೆಂಡತಿ ರಾಚವ್ವ ಬೆಳಗಿನಿಂದ ಗೇಟಿನ ಹೊರಗೇ ಕೂತಿದ್ದಳು. ಮಾತು ಕಿವಿಗೆ ಬಿದ್ದದ್ದೇ ಎದ್ದುಬಂದಳು.

"ಬೀಗಾ ತಗೀರಿ. ಒಂದ ಸಲ ಮಾರಿ ನೋಡಿ ಬರತೀನಿ."

"ಮೇಟ್ರನ್ ಬಾಯಿಯವರನ್ನ ಕೇಳಬೇಕು. ಊಟಕ್ಕ ಹೋಗ್ಯಾರ."

"ಒಳಗಿರಾಕಿ ನಿಮ್ಮ ಮಗಳ್ರಿ!"

"ಗೊತ್ತೈತಿ, ರಾಚಿ. ಆರ್ಡರ್ ಇಲ್ಲ."

ಕೈ ಸೊಂಟದ ಕೀಲಿಗೆ ಹೋಯಿತು. ಹೋದದ್ದು ಸುಳ್ಳಲ್ಲ. ಕಣ್ಣೀರು ದಳದಳ ಇಳಿಯಿತು. ಕೀಲಿ ಮಾತ್ರ ಹೊರಗೆ ಬರಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತು, ಕೆಲಸ ಹೋಗುತ್ತಿತ್ತೇ? ಅವನ ಯೋಚನೆ ಅಷ್ಟು ದೂರ ಹೋಗಲೇ ಇಲ್ಲ. ಬೇಡ ಎಂದಿದ್ದಾರೆ, ಅಷ್ಟೆ. ರಾಚವ್ವ ಕಂಬಿ ಹಿಡಿದು ಮಗಳ ಹೆಸರು ಕೂಗಿದಳು. ದಾನಪ್ಪ ಅಳುತ್ತಲೇ, "ಗದ್ಲಾ ಮಾಡಬ್ಯಾಡ" ಎಂದ. ಇಂಥವನನ್ನು ಬೈಯಬೇಕೋ, ಅವನಿಗಾಗಿ ಅಳಬೇಕೋ!

ಮೇಟ್ರನ್ ಊಟ ಮುಗಿಸಿ ಬರುವಷ್ಟರಲ್ಲಿ ಮಗು ಹೋಗಿತ್ತು. ಗೇಟಿನಲ್ಲಿ ಗಂಡಹೆಂಡಿರನ್ನು ಕಂಡು ಆಕೆ ಹೌಹಾರಿದಳು.

"ಅರೇ ದಾನಪ್ಪ, ಕೌನ್ ರೋಕತಾ ತುಮಕೋ?" ಸ್ವಂತ ಮಗುವನ್ನು ನೋಡಲು ನಿನ್ನನ್ನು ತಡೆಯುವವರು ಯಾರಿದ್ದರು ಎಂದು ಆಕೆ ಕೇಳಿದರೆ, ದಾನಪ್ಪ ಕೈಮುಗಿದು "ಜೀ" ಎಂದ.

ಸಂಜೆ ಮಣ್ಣು ಮಾಡಿ ಬಂದು ಅವನು ಖೋಲಿಯ ಗೋಡೆಗೆ ಒರಗಿ ಕೂತ. ಚಾಳಿನ ಹೆಂಗಸರು ರಾಚವ್ವನಿಗೆ ನೀರು ಹಾಕಿ, ಬಾಗಿಲವರೆಗೆ ಕರೆತಂದು ಬಿಟ್ಟು ಹೋದರು. ಅವಳು ಹೊಸ್ತಿಲ ಆಚೆಯೇ ನಿಂತಳು.

"ಒಳಗ ಬರಲೇನ್ರಿ?"

ಚುಚ್ಚಲು ಆಡಿದ ಮಾತಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಿಜವಾಗಿಯೇ ಕೇಳುತ್ತಿದ್ದಳು. "ಬಾ" ಎನ್ನುವ ಒಂದಕ್ಷರ ಸಾಕಿತ್ತು. ದಾನಪ್ಪ ಬಾಯಿ ತೆರೆದ. ಹೇಳಬಹುದೋ ಇಲ್ಲವೋ ತಿಳಿಯದೆ, ಅಪ್ಪಣೆ ಕೇಳಲು ಯಾರಾದರೂ ಇದ್ದಾರೇನೋ ಎಂದು ತಿರುಗಿ ಖಾಲಿ ಖೋಲಿಯನ್ನು ನೋಡಿದ.