ತಂಗಿಯ ಮನೆಯ ತೆನೆ

ಕಾಪುವಿನಿಂದ ಬರುತ್ತಿದ್ದ ಆ ಹುಡುಗಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಅವಳದ್ದೇನೂ ತಪ್ಪಿರಲಿಲ್ಲ. ತಪ್ಪಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ತಂಗಿಗೆ ಆಗ ನಲವತ್ತೊಂದು ವರ್ಷ. ಹುಟ್ಟಿನಿಂದಲೇ ಅವಳ ಎಡಗೈ ಸ್ವಾಧೀನದಲ್ಲಿಲ್ಲ, ಕಲಿಯುವುದೂ ನಿಧಾನ. ಅಮ್ಮ ತೀರಿಕೊಂಡ ಮೇಲೆ ಕಾರ್ಕಳದ ಹತ್ತಿರದ ನಮ್ಮ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವಳ ತಲೆ ಬಾಚುವುದು, ನೈಟಿಯ ಗುಂಡಿ ಹಾಕುವುದು, ಬಂಗುಡೆ ಮೀನಿನ ಮುಳ್ಳು ತೆಗೆದು ಅನ್ನ ಕಲಸಿ ಕೊಡುವುದು, ಎಲ್ಲವೂ ನಾನೇ. ಮದುವೆಯಾಗದೆ ಉಳಿದದ್ದೂ ಅವಳಿಗಾಗಿಯೇ ಎಂದು ಊರಿಡೀ ಹೇಳಿಕೊಂಡು ಬಂದಿದ್ದೆ. ನನಗೆ ಹೇಳಿಕೊಳ್ಳುವಂಥ ಸಂಬಂಧ ಒಂದೂ ಬಂದಿರಲಿಲ್ಲ ಎಂಬುದು ಬೇರೆ ಮಾತು.

ಹೀಗಿರುವಾಗ ಮಣಿಪಾಲದ ಒಂದು ಸಂಸ್ಥೆಯವರು ಬಂದು ಹೊಸ ಏರ್ಪಾಡೊಂದನ್ನು ಹೇಳಿದರು. ತಂಗಿಯಂಥ ಮೂವರು ಹೆಂಗಸರು ಒಂದು ಬಾಡಿಗೆ ಮನೆಯಲ್ಲಿ ಒಟ್ಟಿಗೆ ಇರುವುದು. ಅಡುಗೆ, ಬಟ್ಟೆ, ಪೇಟೆ ಎಲ್ಲ ತಾವೇ ನೋಡಿಕೊಳ್ಳುವುದು. ಬೆಳಿಗ್ಗೆ, ಸಂಜೆ ಒಬ್ಬ ಸಹಾಯಕಿ ಬಂದು ಹೋಗುತ್ತಾಳೆ. ನಾನು ಬೇಡವೆಂದೆ. ತಂಗಿ ಹೋಗುತ್ತೇನೆಂದಳು. ಮೂರು ತಿಂಗಳು ಇದ್ದು ನೋಡಲಿ, ಆಮೇಲೆ ಇರುವುದೋ ಮರಳುವುದೋ ಅವಳೇ ಹೇಳಲಿ ಎಂದು ಮಾತಾಯಿತು. ಮೂರು ವಾರಕ್ಕೆಲ್ಲ ಅಳುತ್ತ ಬರುತ್ತಾಳೆ ಎಂದು ನಾನು ನೆರೆಮನೆಯವರಿಗೆ ಹೇಳಿಟ್ಟೆ.

ಎರಡನೆಯ ವಾರ ನೋಡಲು ಹೋದೆ. ತಂಗಿ ಬಾಗಿಲಲ್ಲಿ ಕುಳಿತು ಚಪ್ಪಲಿಯ ಪಟ್ಟಿಯ ಜೊತೆ ಗುದ್ದಾಡುತ್ತಿದ್ದಳು. ಸಹಾಯಕಿಯಾಗಿ ಬರುತ್ತಿದ್ದ ಆ ಕಾಪುವಿನ ಹುಡುಗಿ ಪಕ್ಕದಲ್ಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಳು. ಐದು ನಿಮಿಷ, ಹತ್ತು ನಿಮಿಷ. ನಾನು ಬಗ್ಗಿದೆ.

“ನೀವು ಬಿಡಿ ಆಂಟಿ, ಅಕ್ಕನಿಗೆ ಬರ್ತದೆ,” ಎಂದಳು.

ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಮಾಡಿದ ನನಗೆ ಯಾರೂ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಇವಳು ಏನೂ ಮಾಡದೆ ನಿಂತದ್ದಕ್ಕೆ ಸಂಬಳ! ಮೇಲಿಂದ ನನ್ನ ತಂಗಿಯನ್ನು ಅಕ್ಕ ಎನ್ನುತ್ತಾಳೆ. ನಮ್ಮ ಮನೆಯಲ್ಲಿ ಅವಳು ಯಾವತ್ತೂ ಬೇಬಿ. ಅಕ್ಕ ಎಂದರೆ ನಾನು. ಅಷ್ಟರಲ್ಲಿ ಪಟ್ಟಿ ಸಿಕ್ಕಿಕೊಂಡಿತು. ತಂಗಿ ತಲೆಯೆತ್ತಿ ನಕ್ಕದ್ದು ಆ ಹುಡುಗಿಯನ್ನು ನೋಡಿ. ನನ್ನೊಡನೆ ಕೊಂಕಣಿ ಬಿಟ್ಟು ಬೇರೆ ಆಡದವಳು ಅವಳೊಡನೆ ಪಟಪಟ ಕನ್ನಡ ಆಡುತ್ತಿದ್ದಳು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಹುಡುಗಿಯನ್ನು ಮನಸ್ಸಿನಲ್ಲೇ ಬೈಯುತ್ತ ಬಂದೆ.

ಮೂರು ತಿಂಗಳು ಮುಗಿಯುವ ವಾರದಲ್ಲೇ ತೆನೆಹಬ್ಬ ಬಂತು. ನಮ್ಮ ಕ್ರೈಸ್ತರ ಮನೆಗಳಲ್ಲಿ ಆ ದಿನ ಇಗರ್ಜಿಯಿಂದ ಆಶೀರ್ವದಿಸಿದ ಭತ್ತದ ತೆನೆ ತರುತ್ತೇವೆ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಕೊಡಬೇಕು. ಆಮೇಲೆಯೇ ಊಟ. ಒಲೆ ಒಂದಾಗಿದ್ದರೆ ತೆನೆಯೂ ಒಂದು. ಅಣ್ಣತಮ್ಮಂದಿರು ಬೇರೆಯಾದರೆ ತೆನೆಯೂ ಬೇರೆ. ಹೊಸ ಅಕ್ಕಿಯ ಹಾಲು ಬಾಯಿಗೆ ಬಿದ್ದರೆ ಇವಳು ನನ್ನ ಹಿಂದೆಯೇ ಬರುತ್ತಾಳೆ ಎಂದು ಲೆಕ್ಕ ಹಾಕಿದೆ. ಅವಳ ಹಾಸಿಗೆಗೆ ಹೊಸ ಹೊದಿಕೆ ಹಾಸಿ, ಹಾಲನ್ನು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಮಣಿಪಾಲದ ಬಸ್ಸು ಹತ್ತಿದೆ.

ಒಳಗೆ ಹೋದರೆ ಮೇಜಿನ ಮೇಲೆ ಹೂವು, ಹೂವಿನ ನಡುವೆ ತೆನೆ. ತಂಗಿಯೇ ಬೆಳಿಗ್ಗೆ ಉಡುಪಿಯ ಇಗರ್ಜಿಗೆ ಹೋಗಿ, ಸಾಲಿನಲ್ಲಿ ನಿಂತು, ತಮ್ಮ ಮನೆಯ ಲೆಕ್ಕದ್ದು ಕೇಳಿ ತಂದಳಂತೆ. ತಂಗಿ ತೆನೆಯ ದಂಟನ್ನು ಎಡ ಮೊಣಕೈಯಡಿ ಒತ್ತಿ ಹಿಡಿದು, ಬಲಗೈ ಉಗುರಿನಿಂದ ಕಾಳು ಸುಲಿಯುತ್ತಿದ್ದಳು. ಒಂದು ಕಾಳು ಸುಲಿದರೆ ಎರಡು ನೆಲಕ್ಕೆ. ಜೊತೆಗಿದ್ದ ಗಾಲಿಕುರ್ಚಿಯ ಹೆಂಗಸೂ ಮಾತು ಬಾರದ ಇನ್ನೊಬ್ಬಳೂ ಕಾಯುತ್ತ ಕುಳಿತಿದ್ದರು. ಇಬ್ಬರೂ ಕ್ರೈಸ್ತರಲ್ಲ. ಕಾಪುವಿನ ಹುಡುಗಿ ಎಂದಿನಂತೆ ಕೈ ಹಿಂದೆ ಕಟ್ಟಿದ್ದಳು.

“ಬೇಬಿ, ನಾನು ತಂದಿದ್ದೇನೆ. ಕುಡಿದು ಹೊರಡು, ಮನೆಗೆ ಹೋಗುವ,” ಎಂದೆ ಕೊಂಕಣಿಯಲ್ಲಿ.

“ನಮ್ಮದು ಇನ್ನೂ ಆಗ್ಲಿಲ್ಲ. ನೀನು ಕೂತ್ಕೋ,” ಎಂದಳು ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ.

ನಮ್ಮದು ಎಂಬ ಆ ಮಾತು ಕೇಳಿ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕುಳಿತೆ. ಸುಲಿದ ಕಾಳನ್ನು ತಂಗಿ ಕುಟ್ಟಿ, ಹಾಲಿಗೆ ಹಾಕಿ, ಅಮ್ಮನ ಪ್ರಾರ್ಥನೆಯನ್ನು ಅರ್ಧಂಬರ್ಧ ಹೇಳಿದಳು. ಮೊದಲ ಚಮಚ ಗಾಲಿಕುರ್ಚಿಯವಳಿಗೆ. ಆಮೇಲೆ ಇನ್ನೊಬ್ಬಳಿಗೆ. ಆಮೇಲೆ ಕಾಪುವಿನ ಆ ಹುಡುಗಿಗೆ! ಅವಳು ಕಣ್ಣಿಗೊತ್ತಿಕೊಂಡು ಕುಡಿದಳು. ನನಗೆ ಆ ಚಮಚ ಕಿತ್ತುಕೊಳ್ಳಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಕಿತ್ತುಕೊಳ್ಳಲೆಂದೇ ಎದ್ದು ನಿಂತಿದ್ದೆ.

ತಂಗಿ ತಾನು ಕುಡಿಯಲಿಲ್ಲ. ಚಮಚ ತುಂಬಿಸಿ, ಚೆಲ್ಲದ ಹಾಗೆ ನಿಧಾನವಾಗಿ ಮೇಜನ್ನು ಸುತ್ತಿ ನನ್ನ ಹತ್ತಿರ ಬಂದಳು.

“ಅಮ್ಮ ಹೋದ್ಮೇಲೆ ನಿಂಗೆ ಯಾರೂ ಕೊಡ್ಲೇ ಇಲ್ಲ ಅಲ್ವಾ? ನಂಗೆ ಕೊಟ್ಟು ನೀನೇ ಕುಡೀತಿದ್ದೆ. ನಾನು ನೋಡ್ತಿದ್ದೆ. ನಂಗೆ ಆಗ ಕೊಡ್ಲಿಕ್ಕೆ ಬರ್ತಿರ್ಲಿಲ್ಲ,” ಎಂದಳು. “ಬಾಯಿ ತೆರಿ.”

ಚಮಚ ಓರೆಯಾಗುತ್ತಿತ್ತು. ಹಿಡಿಯಲು ಎತ್ತಿದ ನನ್ನ ಕೈಯನ್ನು ನಾನೇ ಬೆನ್ನ ಹಿಂದಕ್ಕೆ ತೆಗೆದುಕೊಂಡು ಬಾಯಿ ತೆರೆದೆ. ಅರ್ಧ ಹಾಲು ನನ್ನ ಸೀರೆಯ ಮೇಲೆ ಬಿತ್ತು.